ಸವೆದದ್ದಲ್ಲ, ಹೊಡೆದದ್ದು

ಮಾರ್ಚ್ ೩, ಸೋಮವಾರ

ಡಾಕ್ಟರಮ್ಮ ಕೊಳ್ಳುತ್ತಿರುವ ಎಂಟು ಕುರ್ಚಿಗಳಿಗೆ ಇವತ್ತು ಚೀಟಿ ಬರೆದೆ. ಬೆಲೂನಿನ ಹಾಗೆ ದುಂಡು ಬೆನ್ನು, ವಿಕ್ಟೋರಿಯನ್ ಕಾಲದ ನಡುಭಾಗ, ಮಹಾಗನಿ ಮರ, ಮುಂಗಾಲು ಕಡೆದದ್ದು, ಎರಡರ ಹಿಂಗಾಲು ನಮ್ಮಲ್ಲಿ ಮರುಜೋಡಿಸಿದ್ದು, ಕೂರುವ ಬಟ್ಟೆ ಹೊಸದು. ಕೆಳಗೆ ನನ್ನ ರುಜು.

ನಮ್ಮ ಹಳೇ ಮರದ ಸಾಮಾನಿನ ಅಂಗಡಿಯ ಹೆಸರಿಗಿಂತ ನನ್ನ ಚೀಟಿಯ ಹೆಸರು ದೊಡ್ಡದು. ಏನು ಒಡೆದಿದೆ, ಏನು ಬದಲಾಗಿದೆ, ಯಾರ ಕೈಯಲ್ಲಿ ಬದಲಾಯಿತು, ಎಲ್ಲ ಅದರಲ್ಲಿರಬೇಕು. ಒಂದು ಮೊಳೆ ಹೊಸದಾದರೂ ಬರೆಯುತ್ತೇನೆ. ಬರೀ ಹೈಸ್ಕೂಲು ಓದಿದವಳು ನಾನು. ವಸ್ತುಸಂಗ್ರಹಾಲಯದ ಕನ್ನಡಕದವರು ನನ್ನ ಚೀಟಿ ಓದಿ ಮರುಮಾತಿಲ್ಲದೆ ಒಪ್ಪುತ್ತಾರೆ. ಕಾಲು ನೋಡು, ಬೆನ್ನು ನೋಡು, ಕೊನೆಗೆ ಮಗುಚಿ ಹೊಟ್ಟೆ ನೋಡು. ಮಾವನವರು ಮೊದಲ ದಿನ ಕಲಿಸಿದ್ದು ಅಷ್ಟೇ. ಮೇಲ್ಮೈ ಸುಳ್ಳು ಹೇಳುತ್ತದೆ, ಹೊಟ್ಟೆಗೆ ಸುಳ್ಳು ಬರುವುದಿಲ್ಲ.

ಇವತ್ತು ಮಾತ್ರ ಎಂಟರಲ್ಲಿ ಐದನ್ನಷ್ಟೇ ಮಗುಚಿದೆ. ಮಂಡಿ ಬಗ್ಗಲಿಲ್ಲ. ಉಳಿದ ಮೂರನ್ನು ಮಗ ನೋಡಿದ್ದಾನಂತೆ. "ಎಲ್ಲಾ ಒಂದೇ ತಾಯಿ ಮಕ್ಕಳು ಅಮ್ಮಾ, ಬರಿ ನೀನು" ಅಂದ. ಬರೆದೆ. ಮೂವತ್ತೆಂಟು ವರ್ಷದಲ್ಲಿ ಹೀಗೆ ಮಾಡಿದ್ದು ಇದೇ ಮೊದಲು. ಅವನ ಕೈ ಅವರಪ್ಪನ ಕೈ. ಕೋಪವೂ ಅವರಪ್ಪನದೇ. ಕೆಲಸ ಬಲ್ಲ ಗಂಡಸರಿಗೆ ಕೋಪ ಸ್ವಲ್ಪ ಇದ್ದೇ ಇರುತ್ತದೆ.

ಬಲಗೈ ಉಂಗುರದ ಬೆರಳು ಇವತ್ತು ಬರೆಯಲು ತೊಂದರೆ ಕೊಟ್ಟಿತು. ಮಗ ಚಿಕ್ಕವನಿದ್ದಾಗ ಡ್ರಾಯರಿಗೆ ಸಿಕ್ಕಿ ಬಾಗಿದ್ದು. ಹವೆ ಬದಲಾದಾಗ ನೋಯುತ್ತದೆ.

ಸೊಸೆಗೆ ನಾನಿಟ್ಟ ಹೆಸರು ಮೂಕಿ. ಬಂದು ನಾಲ್ಕು ವರ್ಷವಾಯಿತು, ನಲವತ್ತು ಮಾತು ಆಡಿದ್ದರೆ ಹೆಚ್ಚು. ಒಂದು ಗುಣ ಮೆಚ್ಚಬೇಕು: ಕುರ್ಚಿಯಲ್ಲಿ ಬೆನ್ನು ತಾಗಿಸದೆ ನೆಟ್ಟಗೆ ಕೂರುತ್ತಾಳೆ. ಈಗಿನ ಹೆಣ್ಣುಮಕ್ಕಳು ಕೂತರೆ ಒದ್ದೆ ಬಟ್ಟೆ ಎಸೆದ ಹಾಗಿರುತ್ತದೆ. ನನ್ನ ಶಿಸ್ತು ಅಷ್ಟಾದರೂ ಹತ್ತಿದೆ ಇವಳಿಗೆ.

ಮಧ್ಯಾಹ್ನ ಊಟದ ಹೊತ್ತಿಗೆ ಮಹಡಿಯಲ್ಲಿ ಏನೋ ದಬ್ ಎಂದು ಬಿತ್ತು. ಎರಡು ಸಲ. ಅವಳ ಕೈಯಲ್ಲಿ ವಸ್ತು ನಿಲ್ಲುವುದಿಲ್ಲ.

ಮಾರ್ಚ್ ೬, ಗುರುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು. ಸಾಲು ಸೊಟ್ಟ ಬಂದರೆ ಬರಲಿ.

ಬೆಳಿಗ್ಗೆ ಮೂಕಿ ಮುಂದಿನ ಕೋಣೆಯಲ್ಲಿ ಎಂಟು ಕುರ್ಚಿ ಒರೆಸುತ್ತಿದ್ದಳು. ನಾನು ಟೀ ಕುಡಿಯುತ್ತಿದ್ದೆ. ತಾನಾಗಿ ಬಾಯಿ ಬಿಟ್ಟಳು.

"ಅತ್ತೆ, ಈ ಮೂರಕ್ಕೆ ಹೊಡೆದಿದ್ದಾರೆ."

"ಹೊಡೆಯೋದು ಏನೇ? ನೂರೈವತ್ತು ವರ್ಷ ಜನ ಕೂತಿದ್ದಾರೆ, ಕಾಲು ತಾಗಿಸಿದ್ದಾರೆ. ಸವೆಯದೆ ಇರತ್ತಾ?"

"ಇದು ಸವೆದದ್ದಲ್ಲ. ಹೊಡೆದದ್ದು. ಎಲ್ಲಾ ಏಟೂ ಒಂದೇ ಕಡೆಯಿಂದ ಬಂದಿವೆ. ಬಲಗೈಯವರು. ಮೊದಲ ಏಟು ಜೋರು, ಆಮೇಲೆ ಕೈ ಸೋತಿದೆ, ಆಮೇಲೆ ಮತ್ತೆ ಸಿಟ್ಟು ಬಂದಿದೆ."

ಮಂಡಿ ಹಾಳಾಗಲಿ ಎಂದು ನೆಲಕ್ಕೆ ಕೂತು ಮೂರನ್ನೂ ಮಗುಚಿದೆ. ಹೊಟ್ಟೆಯಡಿ ಯಂತ್ರದ ಗರಗಸದ ಗೆರೆ, ಅದರ ಮೇಲೆ ಟೀ ಡಿಕಾಕ್ಷನ್ನಿನ ಬಣ್ಣ. ಹುಳು ತಿಂದ ತೂತಿಗೆ ತಂತಿ ತೂರಿಸಿದೆ, ನೆಟ್ಟಗೆ ಒಳಗೆ ಹೋಯಿತು. ಹುಳು ಎಲ್ಲಾದರೂ ನೆಟ್ಟಗೆ ತಿನ್ನುತ್ತದೆಯೇ? ಡ್ರಿಲ್ಲಿನಲ್ಲಿ ಕೊರೆದದ್ದು. ಕಾಲಿನ ಮೇಲೆ ಸರಪಳಿಯ ಗುರುತು. ಆ ಸರಪಳಿಯೂ ಗೊತ್ತು ನನಗೆ. ಹಿಂದಿನ ಕೆಲಸದ ಕೋಣೆಯಲ್ಲಿ ಮೊಳೆಗೆ ನೇತುಹಾಕಿರುವುದು, ದಿಮ್ಮಿ ಎತ್ತಲು ಇದ್ದದ್ದು. ಅದರ ಒಂದು ಕೊಂಡಿ ತುಂಡಾಗಿ ನಮ್ಮೆಜಮಾನರು ಬದುಕಿದ್ದಾಗ ಬೆಸುಗೆ ಹಾಕಿಸಿದ್ದರು. ಬೆಸುಗೆಯ ಗಂಟು ಬಾಲದ ಹಾಗೆ ಉಳಿದಿದೆ. ಹೊಡೆದರೆ ಅಲ್ಪವಿರಾಮದಂಥ ಗುರುತು ಬೀಳುತ್ತದೆ. ಮೂರು ಕುರ್ಚಿಗಳ ತುಂಬ ಅಲ್ಪವಿರಾಮ.

ಪಾಲಿಶ್ ಹಾಕುವ ಅರಗಿನಜ್ಜನನ್ನು ಕರೆದು ಕೇಳಿದೆ. ನೆಲ ನೋಡಿದ. "ಸಣ್ಣ ಯಜಮಾನರು ಬಾಯಿ ಹೊಲ್ಕೊಂಡಿರು ಅಂದ್ರು, ಹೊಲ್ಕೊಂಡೆ. ವಯಸ್ಸಾಯ್ತು ಯಜಮಾನಿ, ಏಟು ತಿನ್ನೋ ಶಕ್ತಿ ಇಲ್ಲ." ನಿನಗ್ಯಾರಯ್ಯ ಹೊಡೀತಾರೆ ಎಂದು ಬೈದು ಕಳಿಸಿದೆ.

ನನ್ನ ರುಜು ಇರುವ ಚೀಟಿ. ಸುಳ್ಳು ಚೀಟಿ. ಮಗನನ್ನು ಕರೆದೆ.

"ಮೂರು ಕಡಿಮೆ ಬಿತ್ತು, ಮಾಡ್ದೆ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಯ್ತು."

"ನಿನಗಾ? ಮೂರು ದಿನದ ಹಿಂದೆ ರುಜು ಹಾಕಿದೀಯ. ನಿನಗಲ್ಲ ಗೊತ್ತಾಗಿದ್ದು. ಯಾರು ಹೇಳಿದ್ದು? ಆ ಮುದುಕನಾ?"

ಆಗ ನಾನೇ ಅಂದೆ: "ನಿನ್ನ ಹೆಂಡತಿ. ನಿನಗಿಂತ ಅವಳ ಕಣ್ಣು ಚುರುಕು. ನಾಲ್ಕು ವರ್ಷ ನೆಲ ಒರೆಸಿಕೊಂಡೇ ನೀನು ಕಲಿಯದ್ದನ್ನ ಕಲಿತಿದ್ದಾಳೆ."

ಅವನು ನಕ್ಕ. ಪಕ್ಕದ ಅಸಲಿ ಕುರ್ಚಿಯೊಂದರ ಬೆನ್ನು ಹಿಡಿದು ತಲೆ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದ. "ಇದು ಅಸಲಿ ತಾನೇ? ನೋಡು, ಅಸಲಿ ಹೇಗೆ ಮುರಿಯತ್ತೆ ನೋಡು." ಮತ್ತೆ ಎತ್ತಿದ. ಎರಡನೇ ಏಟಿಗೆ ಬೆನ್ನಿನ ಬೆಲೂನು ಎರಡು ಹೋಳಾಯಿತು, ಮೂರನೆಯದಕ್ಕೆ ಮುಂಗಾಲು ಬುಡದಿಂದ ಕಿತ್ತು ಬಂತು. ನೂರೈವತ್ತು ವರ್ಷದ ಮರ. ಒಳಗೆ ಇನ್ನೂ ಕೆಂಪಗೆ, ಹೊಸದಾಗಿ ಕೊಯ್ದ ಹಾಗೆ. ಆ ಕೆಂಪು ನೋಡಲಾಗಲಿಲ್ಲ ನನಗೆ. ಯಾರೋ ಕೈಯಲ್ಲಿ ಕೀಸುಳಿ ಹಿಡಿದು ಹೊಟ್ಟೆಯಡಿ ತರಿದ ಗೆರೆಗಳು, ಬೆರಳಿಟ್ಟರೆ ನೀರಿನ ಅಲೆಯಂತೆ ಸಿಗುತ್ತಿದ್ದವು. ಹೋಯಿತು.

ಒಂದು ಚೂರು ಹಾರಿ ಮೂಕಿಯ ಹಣೆಗೆ ತಾಗಿತು. ರಕ್ತ ಬಂತು. ಬಟ್ಟೆ ಒತ್ತಿಕೊಂಡು ಅವಳೇ ನೆಲ ಗುಡಿಸಿದಳು.

ಮಾರ್ಚ್ ೭, ಶುಕ್ರವಾರ

ಸೊಸೆ ಕೆಳಗೆ ಬರಲಿಲ್ಲ. ಮೆಟ್ಟಿಲಲ್ಲಿ ಬಿದ್ದಳಂತೆ. ಊಟ ನಾನೇ ಮಾಡಿದೆ.

ಮಾರ್ಚ್ ೯, ಭಾನುವಾರ

ಇವತ್ತೂ ಇಲ್ಲ. ಮೆಟ್ಟಿಲು ನೋಡಿ ಬಂದೆ. ಹದಿನೇಳು ಮೆಟ್ಟಿಲು, ಎಲ್ಲ ಗಟ್ಟಿಯಿವೆ.

ಮಾರ್ಚ್ ೧೪, ಶುಕ್ರವಾರ

ಇವತ್ತು ಇಳಿದು ಬಂದಳು. ಈ ಸೆಕೆಯಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿದ ಉದ್ದ ತೋಳಿನ ಅಂಗಿ. "ಏನೇ ಇದು, ಹಿಮ ಬೀಳ್ತಿದೆಯಾ?" ಅಂದೆ. ನಡೆಯುವಾಗ ಎಡಗಾಲು ತಡವಾಗಿ ಬರುತ್ತದೆ.

ಕಣ್ಣು ಚುರುಕಿದ್ದವಳಿಗೆ ಕಲಿಸದೆ ಬಿಡುವುದು ತಪ್ಪು. ಕೂರಿಸಿಕೊಂಡು ಕಲಿಸಿದೆ. ಅವಳ ಮುಂದೆ ಒಂದು ದುಂಡು ಮೇಜು ಇಟ್ಟು ದಾರ ಕೊಟ್ಟೆ, ಅಡ್ಡ ಅಳೆ, ಉದ್ದ ಅಳೆ. ಒಂದು ಕಡೆ ಬೆರಳಗಲ ಕಡಿಮೆ ಬಂತು. ಮರ ಒಣಗುತ್ತಾ ನಾರಿನ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಅದಕ್ಕೇ ನಿಜವಾದ ಹಳೆಯ ದುಂಡು ಮೇಜು ದುಂಡಗಿರುವುದಿಲ್ಲ. ಕೂಡಲೇ ಹಿಡಿದಳು. "ಪೂರ್ತಿ ಸರಿಯಾಗಿದ್ರೆ ಅನುಮಾನ ಪಡಬೇಕು" ಅಂದಳು. ಅದೇ ಮಾತನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು.

ಆಮೇಲೆ ಡ್ರಾಯರಿನ ಮೂಲೆ ತೋರಿಸಿದೆ. ಎರಡು ಹಲಗೆ ಕೂಡಿಸುವ ಪಾರಿವಾಳದ ಬಾಲದಂಥ ಹಲ್ಲು ಒಂದೊಂದೂ ಒಂದೊಂದು ಅಳತೆಯಿದ್ದರೆ ಮನುಷ್ಯ ಕೊಯ್ದದ್ದು, ಎಲ್ಲ ಅವಳಿ ಜವಳಿಯಂತಿದ್ದರೆ ಯಂತ್ರ. ನಕಲಿ ಮಾಡುವವನ ಬುದ್ಧಿಯನ್ನೂ ಹೇಳಿದೆ: "ಅವನು ಗಿರಾಕಿ ಕಣ್ಣು ಬೀಳೋ ಕಡೆನೇ ಹೊಡೀತಾನೆ. ಕೈ ಮೇಲೆ, ಮುಂಗಾಲ ಮೇಲೆ. ಕಾಣದ ಕಡೆ ಹೊಡೆದು ಶ್ರಮ ದಂಡ ಮಾಡ್ಕೊಳಲ್ಲ."

"ಕಾಣಬಾರದು ಅಂತಾನೇ ಹೊಡೆದ್ರೆ ಅತ್ತೆ?"

"ಅದರಿಂದ ಯಾರಿಗೇನು ಲಾಭ?"

ಅವಳು ಡ್ರಾಯರನ್ನು ಒಳಗೆ ತಳ್ಳಿದಳು. ಈಗ ಬರೆಯುವಾಗ ಯೋಚಿಸುತ್ತಿದ್ದೇನೆ, ಅದು ಒಳ್ಳೆಯ ಪ್ರಶ್ನೆ.

ಮಾರ್ಚ್ ೧೯, ಬುಧವಾರ

ಡಾಕ್ಟರಮ್ಮನ ಮನೆಗೆ ಹೋಗಿದ್ದೆ. ಎಂಟರ ಚೀಟಿ ಹರಿದು ನಾಲ್ಕರ ಹೊಸ ಚೀಟಿ ಕೊಟ್ಟೆ. ಮೂರು ನಕಲಿ, ನಮ್ಮಲ್ಲೇ ಮಾಡಿದ್ದು, ಒಂದು ಮುರಿಯಿತು. ನನ್ನ ಬಾಯಿಂದಲೇ ಹೇಳಿದೆ. ಸೊಸೆಯನ್ನು ಜೊತೆಗೆ ಕರೆದೊಯ್ದಿದ್ದೆ, ಕೋಣೆಗಳನ್ನು ಓದುವುದು ಕಲಿಯಲಿ ಎಂದು.

ಡಾಕ್ಟರಮ್ಮ ದೊಡ್ಡ ದೇಹದ, ಗಟ್ಟಿ ದನಿಯ ಹೆಂಗಸು. ಕೋಪಿಸಿಕೊಳ್ಳಲಿಲ್ಲ. "ಎಂಟು ಜನ ಊಟಕ್ಕೆ ಕರೀಬೇಕಲ್ಲ ಅಂತ ಭಯ ಇತ್ತು, ನಾಲ್ಕಾದ್ರೆ ನಾಲ್ಕು ಜನ ತಪ್ಪಿದ್ರು" ಎಂದು ನಕ್ಕಳು. ಊಟದ ಕೋಣೆ ತೋರಿಸಿದಳು. ಗೋಡೆಗೆ ಸೊಂಟದೆತ್ತರ ಕಪ್ಪು ಮರದ ಹಳೆಯ ಹಲಗೆ, ಅದರ ಮೇಲೆ ಬಳ್ಳಿ ಸುತ್ತಿಕೊಂಡ ಆರ್ಟ್ ನೂವೋ ಶೈಲಿಯ ನೂರು ವರ್ಷದ ದೀಪ, ಮೂಲೆಯಲ್ಲಿ ಮೊನ್ನೆ ಮೊನ್ನೆಯ ಕಬ್ಬಿಣದ ಕಪಾಟು.

"ಹೇಗಿದೆ?" ಅಂದಳು.

ನಾನು ಸೊಸೆ ಕಡೆ ನೋಡಿದೆ.

"ಮೂರು ಕಾಲದವರು ಒಂದೇ ಕೋಣೇಲಿ ಸೇರಿದಾರೆ, ಯಾರೂ ಯಾರ ಹತ್ರಾನೂ ಮಾತಾಡ್ತಿಲ್ಲ" ಅಂದಳು ಹುಡುಗಿ.

ಡಾಕ್ಟರಮ್ಮ ಚಪ್ಪಾಳೆ ತಟ್ಟಿ ನಕ್ಕು "ಭಲೇ" ಎಂದು ಅವಳ ಬೆನ್ನ ಮೇಲೆ ಒಂದು ಏಟು ಕೊಟ್ಟಳು. ಪ್ರೀತಿಯ ಏಟು, ಹಗುರವಾಗಿಯೇ. ಸೊಸೆಯ ಮುಖದ ಬಣ್ಣ ಬೂದಿಯಾಯಿತು.

ಆಮೇಲೆ ಟೀ ಬಂತು. ಡಾಕ್ಟರಮ್ಮನ ನಗು ನಿಂತಿತ್ತು. ಕಣ್ಣು ಸೊಸೆಯ ಮೇಲೆ.

"ನಿಮ್ಮ ಸೊಸೆ ಕುರ್ಚಿಗೆ ಬೆನ್ನು ತಾಗಿಸೋದೇ ಇಲ್ಲ."

"ನಮ್ಮ ಮನೆಯ ಶಿಸ್ತು."

"ಶಿಸ್ತಲ್ಲಮ್ಮ ಅದು. ಒಂದು ನಿಮಿಷ ಒಳಗೆ ಬರ್ಲಿ ಇವರು, ನೋಡ್ತೀನಿ."

"ನಾವು ಕುರ್ಚಿ ವಿಷಯಕ್ಕೆ ಬಂದವರು" ಎಂದು ಎದ್ದೆ. ನಮ್ಮ ಮನೆಯ ಹೆಣ್ಣಿನ ಬೆನ್ನು ಇವಳ ಟೀ ಜೊತೆಗಿನ ಬಿಸ್ಕತ್ತೇ? ವಾಪಸು ಬರುವಾಗ ತಿರುವಿನಲ್ಲಿ ಬಸ್ಸು ವಾಲಿದಾಗ ಸೊಸೆ ಸೀಟಿಗೆ ಒರಗದೆ ಮುಂದಿನ ಕಂಬಿ ಹಿಡಿದುಕೊಂಡಳು. ಎರಡೂ ಕೈಯಲ್ಲಿ.

ಮಾರ್ಚ್ ೨೦, ಗುರುವಾರ

ಮಗನಿಗೆ ಹೊಸ ಚೀಟಿಯ ವಿಷಯ ತಿಳಿಯಿತು. ಹನ್ನೊಂದು ಗಂಟೆಗೆ ಮಹಡಿ ಹತ್ತಿದ. ನಾನು ಕೆಳಗೆ ಒಂದು ಮುಕ್ಕಾಲಿಯ ಚೀಟಿ ಬರೆಯುತ್ತಿದ್ದೆ. ಮೇಲೆ ದಬ್. ಪೆನ್ನು ನಿಂತಿತು. ಮತ್ತೆ ದಬ್. ಬೀಳುವ ವಸ್ತುವಿಗೆ ಒಂದು ಸದ್ದು, ಬೀಳಿಸಿದ ವಸ್ತುವಿಗೆ ಇನ್ನೊಂದು. ಇಷ್ಟು ವರ್ಷ ಮರ ತಟ್ಟಿ ನೋಡಿದವಳು ನಾನು.

ಅವನು ಇಳಿದು ಹೊರಗೆ ಹೋದ ಮೇಲೆ ಹದಿನೇಳು ಮೆಟ್ಟಿಲು ಹತ್ತಿದೆ. ಮಂಡಿ ಹತ್ತು ಕಡೆ ನಿಲ್ಲಿಸಿತು.

ಅವರ ಕೋಣೆಯಲ್ಲಿರುವ ಅಲಮಾರಿ ಮದುವೆಗೆ ನಾನೇ ಕೊಟ್ಟದ್ದು. ಆರ್ಟ್ ಡೆಕೊ ಶೈಲಿ, ಮೇಲೆ ಅಕ್ರೋಟು ಮರದ ತೆಳು ಹಾಳೆ ಅಂಟಿಸಿದ್ದು, ಎರಡು ಬಾಗಿಲಿನಲ್ಲೂ ಮರದ ಎಳೆ ಕನ್ನಡಿಯಲ್ಲಿ ಕಂಡ ಹಾಗೆ ಎದುರುಬದುರು. ಮೆಟ್ಟಿಲು ಮೆಟ್ಟಿಲಾದ ಮೇಲಂಚು. ಎಡ ಬಾಗಿಲಿನಲ್ಲಿ ಒಂದು ಗುಳಿ ಇತ್ತು, ಹಾಳೆ ಜೇಡನ ಬಲೆಯ ಹಾಗೆ ಸೀಳಿತ್ತು. ಕೆಲಸದ ಅಭ್ಯಾಸ, ಎತ್ತರ ಅಳೆದೆ. ನನ್ನ ಹಣೆಗಿಂತ ನಾಲ್ಕು ಬೆರಳು ಮೇಲೆ. ಸೊಸೆ ನನಗಿಂತ ನಾಲ್ಕು ಬೆರಳು ಎತ್ತರ. ಸೀಳಿನಲ್ಲಿ ಮೂರು ಉದ್ದ ಕೂದಲು ಸಿಕ್ಕಿಕೊಂಡಿದ್ದವು. ಗುಳಿ ಒಂದೇ ಸಲದ್ದಲ್ಲ. ಹಳೆಯ ಸೀಳಿನಲ್ಲಿ ಧೂಳು, ಹೊಸ ಸೀಳು ಬೆಳ್ಳಗೆ. ಯಾರೋ ಹಳೆಯದರ ಮೇಲೆ ಮೇಣ ಉಜ್ಜಿ ಮುಚ್ಚಿದ್ದರು. ಅವಳೇ ಇರಬೇಕು. ಕೆಲಸ ನಾಜೂಕಾಗಿತ್ತು.

ಮಂಚದ ತಲೆಹಲಗೆಯ ಮೇಲೆ ಅಲ್ಪವಿರಾಮ.

ಅವಳು ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದಳು. "ಅಂಗಿ ತೆಗಿ" ಅಂದೆ. ತೆಗೆದಳು. ತಿರುಗು ಅಂದೆ. ತಿರುಗಿದಳು.

ಓದಿದೆ.

ಕುತ್ತಿಗೆಯಿಂದ ಕೆಳಕ್ಕೆ, ಮೊಣಕೈಯಿಂದ ಮೇಲಕ್ಕೆ. ಅಂಗಿ ಮುಚ್ಚುವ ಜಾಗ ಬಿಟ್ಟು ಒಂದು ಗುರುತೂ ಇಲ್ಲ. ಮೊನ್ನೆಯ ಪ್ರಶ್ನೆಗೆ ಇದು ಉತ್ತರ. ಮೂರು ಪದರ ಇತ್ತು. ಮರದ ಮೇಲೆ ಒಂದು ಕಾಲದವರ ಬಣ್ಣದ ಮೇಲೆ ಇನ್ನೊಂದು ಕಾಲದವರು ಬಳಿದ ಹಾಗೆ.

"ಗುಂಡಿ ಹಾಕ್ಕೋ" ಎಂದು ಕೆಳಗೆ ಬಂದೆ. ಮುಕ್ಕಾಲಿಯ ಚೀಟಿ ಅರ್ಧಕ್ಕೇ ಇತ್ತು. ಅದು ಯಾವ ಕಾಲದ್ದೆಂದು ನೆನಪಾಗಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಸರಪಳಿಯನ್ನು ಮೊಳೆಯಿಂದ ತೆಗೆದು ನನ್ನ ಬರೆಯುವ ಮೇಜಿನಲ್ಲಿಟ್ಟು ಬೀಗ ಹಾಕಿದೆ. ಕೈಗೆ ಸಿಗದಿದ್ದರೆ ತಣ್ಣಗಾಗುತ್ತಾನೆ. ಹಿಂದೆ ಅವರಪ್ಪನ ಬೆಲ್ಟನ್ನೂ ಹೀಗೆ ಬಚ್ಚಿಡುತ್ತಿದ್ದೆ.

ಮಾರ್ಚ್ ೨೨, ಶನಿವಾರ

ಮೇಜಿನ ಬೀಗ ಉಳಿಯಿಂದ ಒಡೆದ. ಅಡ್ಡ ನಿಂತೆ. ನನ್ನ ಭುಜಕ್ಕೆ ಕೈ ಹಾಕಿ ಪಕ್ಕಕ್ಕೆ ಎಸೆದ, ಸಾಮಾನು ಸರಿಸಿದ ಹಾಗೆ. ಗೋಡೆಗೆ ಮೊಣಕೈ ಬಡಿಯಿತು. "ನಿನ್ನ ಚೀಟಿ ನಿನ್ನ ಹತ್ರ ಇಟ್ಕೋ ಮುದುಕಿ. ಅಂಗಡಿ ನಂದು" ಅಂದ.

ಅಡುಗೆಮನೆಯಲ್ಲಿ ಸೊಸೆ ನನ್ನ ಮೊಣಕೈಗೆ ತಣ್ಣೀರಿನ ಬಟ್ಟೆ ಕಟ್ಟಿದಳು. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ಅವಳ ಬೆರಳಿಗೆ ಗೊತ್ತಿತ್ತು. "ನಾಳಿದ್ದಿಗೆ ನೀಲಿ ಆಗತ್ತೆ, ವಾರಕ್ಕೆ ಹಸಿರು, ಹೆದರಬೇಡಿ" ಅಂದಳು.

"ನೀನ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಮೊದಲನೇ ವರ್ಷ ಹೇಳಿದ್ದೆ ಅತ್ತೆ. ಗಂಡನ ಕೋಪಕ್ಕೆ ಕಾರಣ ಕೊಡಬೇಡ ಅಂದ್ರಿ."

ನನಗೆ ನೆನಪಿಲ್ಲ. ಹಳೆಯ ದಿನಚರಿ ತೆಗೆದು ನೋಡಿದೆ. ಆ ವಾರ ಪೂರ್ತಿ ಒಂದು ಬರೆಯುವ ಮೇಜಿನ ಬಗ್ಗೆ ಬರೆದಿದ್ದೇನೆ.

ಮಾರ್ಚ್ ೨೪, ಸೋಮವಾರ

ನಡೆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಮೂರು ಗಂಟೆ. ಹಿಂದಿನ ಕೋಣೆಯಿಂದ ಅರಗಿನಜ್ಜ ಓಡಿ ಬಂದ. "ಯಜಮಾನಿ, ಕೈ, ಕೈ" ಎಂದಷ್ಟೇ ಹೇಳುತ್ತಿದ್ದ.

ಹೋದೆ. ಬಡಗಿ ಮೇಜಿನ ಕೊನೆಗೆ ಮರ ಬಿಗಿಹಿಡಿಯುವ ವೈಸ್ ಇದೆ, ಎರಡು ಹಲಗೆ, ನಡುವೆ ತಿರುಪು. ಆ ಹಲಗೆಗಳ ನಡುವೆ ಸೊಸೆಯ ಬಲಗೈ ಇತ್ತು. ಅವನು ಎಡಗೈಯಿಂದ ಅವಳ ಕೂದಲು ಸುತ್ತಿ ಹಿಡಿದು ಬಲಗೈಯಲ್ಲಿ ವೈಸಿನ ಹಿಡಿ ತಿರುಗಿಸುತ್ತಿದ್ದ. ಸರಪಳಿ ಅವನ ಕುತ್ತಿಗೆಗೆ ಜೋತಿತ್ತು.

"ಕಣ್ಣು ಚುರುಕಂತೆ. ಕೈ ಎಷ್ಟು ಚುರುಕು ನೋಡೋಣ. ಡಾಕ್ಟರ್ ಮನೆಗೆ ಹೋಗ್ತೀಯಾ? ಇನ್ನೊಬ್ಬರ ಕುರ್ಚಿ ಮುಟ್ತೀಯಾ?"

ಅವಳು ಕಿರುಚಲಿಲ್ಲ. ಕಾಲು ಮಾತ್ರ ನೆಲದ ಮೇಲಿನ ಮರದ ಹೊಟ್ಟಿನಲ್ಲಿ ಜಾರಿ ಜಾರಿ ಗೆರೆ ಎಳೆಯುತ್ತಿತ್ತು.

ಆ ಹಿಡಿ ಎಷ್ಟು ಸುತ್ತು ತಿರುಗಿದರೆ ಚರ್ಮ ಒಡೆಯುತ್ತದೆ, ಇನ್ನೆಷ್ಟಕ್ಕೆ ಮೂಳೆ ಎಂದು ನನಗೆ ಗೊತ್ತು. ನನ್ನ ಬಾಗಿದ ಬೆರಳಿಗೆ ಡ್ರಾಯರ್ ಎಂದು ಈ ಪುಸ್ತಕದಲ್ಲಿ ಬರೆದಿದ್ದೇನೆ. ಡ್ರಾಯರ್ ಅಲ್ಲ. ಇದೇ ವೈಸ್, ತಿರುಗಿಸಿದ್ದು ಅವರಪ್ಪ. ಆಗ ಇವನಿಗೆ ಐದು ವರ್ಷ. ಹೊಟ್ಟಿನ ರಾಶಿಯ ಮೇಲೆ ಕೂತು ಮರದ ಚೂರಿನ ಬಂಡಿ ಆಡಿಸುತ್ತಿದ್ದ. ನೋಡುತ್ತಿದ್ದ.

"ಬಿಡು" ಅಂದೆ.

"ಒಳಗೆ ಹೋಗು."

ಮೂಳೆಯ ಸದ್ದು ಕೇಳಿಸಿತು. ಒಣಗಿದ ಕಡ್ಡಿ.

ಮೇಜಿನ ಮೇಲೆ ಕೊಡತಿ ಇತ್ತು, ಉಳಿ ಹೊಡೆಯುವ ಮರದ ಸುತ್ತಿಗೆ. ಎರಡು ಕೈಯಲ್ಲೂ ಎತ್ತಿದೆ. ಹಿಡಿ ತಿರುಗಿಸುತ್ತಿದ್ದ ಮಣಿಕಟ್ಟಿನ ಮೇಲೆ ಹೊಡೆದೆ. ಅವನು ನನ್ನ ಕಡೆ ತಿರುಗಿ ನೋಡಿದ, ನಂಬದವನ ಹಾಗೆ. ಇನ್ನೂ ಕೂದಲು ಬಿಟ್ಟಿರಲಿಲ್ಲ. ಮತ್ತೆ ಹೊಡೆದೆ, ಅದೇ ಜಾಗಕ್ಕೆ. ಆಗ ಬಿಟ್ಟ. ಮೊಣಕಾಲೂರಿ ಕೂತ. ಕೈ ಬಾಗಬಾರದ ಕಡೆಗೆ ಬಾಗಿತ್ತು. ಬಾಯಿ ತೆರೆದು ಅಮ್ಮಾ ಅಂದ. ಮೂರನೆಯ ಸಲ ಕೊಡತಿ ಎತ್ತಿದ್ದೆ. ಎಲ್ಲಿಗೆ ಎಂದು ಬರೆಯುವುದಿಲ್ಲ. ಅರಗಿನಜ್ಜ ಹಿಂದಿನಿಂದ ನನ್ನ ಕೈ ಹಿಡಿದುಕೊಂಡ.

ವೈಸಿನ ಹಿಡಿಯನ್ನು ಹಿಂದಕ್ಕೆ ನಾನೇ ತಿರುಗಿಸಿದೆ. ನಿಧಾನವಾಗಿ. ಬೇಗ ಬಿಟ್ಟರೆ ರಕ್ತ ಒಮ್ಮೆಲೇ ನುಗ್ಗಿ ಇನ್ನೂ ನೋಯುತ್ತದೆ.

ಮಾರ್ಚ್ ೨೫, ಮಂಗಳವಾರ

ಸೊಸೆಗೆ ಎರಡು ಬೆರಳು ಮುರಿದಿವೆ. ಡಾಕ್ಟರಮ್ಮನೇ ಕಟ್ಟು ಹಾಕಿದಳು, ತನ್ನ ಮನೆಯಲ್ಲೇ ಇಟ್ಟುಕೊಂಡಳು. ಆ ದಿನ ಎದ್ದು ಬಂದದ್ದಕ್ಕೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅವನು ಆಸ್ಪತ್ರೆಯಲ್ಲಿ. ಬಾಗಿಲಲ್ಲಿ ಪೊಲೀಸು. ಹೇಗಾಯಿತು ಎಂದು ಕೇಳಿದರೆ ದಿಮ್ಮಿ ಬಿತ್ತು ಅಂದನಂತೆ. ಹೆಂಡತಿಗೆ? ಅವಳಿಗೂ ದಿಮ್ಮಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಏನಾದರೂ ಬೀಳುತ್ತದೆ.

ಠಾಣೆಯ ಬರಹಗಾರ ಒಳ್ಳೆಯವನೇ. "ಅಮ್ಮಾ, ಮಗನ ವಿಷಯ, ನಿಮ್ಮ ವಯಸ್ಸು. ದಿಮ್ಮಿ ಅಂತಲೇ ಬರೀಲಾ? ಮನೇಲಿ ಸರಿಮಾಡ್ಕೊಳ್ತೀರಾ?" ಅಂದ.

"ಕಾಗದ ಇತ್ತ ಕೊಡಿ. ಚೀಟಿ ಬರೆಯೋದು ನನ್ನ ಕೆಲಸ."

ಬರೆದು ಕೊಟ್ಟದ್ದರ ಪ್ರತಿ ಇಲ್ಲಿ ಇಡುತ್ತೇನೆ:

'ಸೊಸೆ. ವಯಸ್ಸು ಇಪ್ಪತ್ತಾರು. ಬೆನ್ನು: ಸರಪಳಿಯ ಗುರುತು ಹನ್ನೊಂದು, ಪ್ರತಿಯೊಂದರಲ್ಲೂ ಬೆಸುಗೆಯ ಬಾಲ. ಸರಪಳಿ ಇದರ ಜೊತೆ ಒಪ್ಪಿಸಿದ್ದೇನೆ, ಹೊಂದಿಸಿ ನೋಡಬಹುದು. ನಾಲ್ಕು ಹೊಸದು, ಐದು ಹಸಿರು ತಿರುಗಿದ್ದು, ಎರಡು ಕಲೆಯಾಗಿ ಉಳಿದದ್ದು. ಎಲ್ಲ ಏಟು ಬಲಗೈಯವು. ಹಣೆ: ಮರದ ಚೂರು, ಮಾರ್ಚ್ ಆರು. ತಲೆಯ ಹಿಂಭಾಗ: ಅಲಮಾರಿಯ ಎಡ ಬಾಗಿಲಿನ ಗುಳಿಗೆ ಹೊಂದುತ್ತದೆ, ಅಲಮಾರಿ ನೋಡಬಹುದು. ಬಲಗೈ: ಎರಡು ಬೆರಳು, ವೈಸ್. ಯಾವುದೂ ಬಿದ್ದದ್ದಲ್ಲ. ಮಾಡಿದವನು: ನನ್ನ ಮಗ.

ಮಗ. ವಯಸ್ಸು ಮೂವತ್ತೊಂದು. ಬಲ ಮಣಿಕಟ್ಟು: ಮುರಿದಿದೆ, ಕೊಡತಿಯ ಎರಡು ಏಟು. ಮಾಡಿದವಳು: ನಾನು.'

ರುಜು ಹಾಕಿದೆ. ಬರಹಗಾರ ಎರಡು ಸಲ ಓದಿ ಎದ್ದು ನಿಂತ. ಅವನು ಯಾಕೆ ನಿಂತನೋ.

ಏಪ್ರಿಲ್ ೨, ಬುಧವಾರ

ಅಂಗಡಿ ಮುಚ್ಚಿದೆ. ಅಲಮಾರಿಯನ್ನು ಪೊಲೀಸರು ಹೊತ್ತು ಕೊಂಡೊಯ್ದರು. ಮೆಟ್ಟಿಲಿನಲ್ಲಿ ಮೇಲಂಚು ಗೋಡೆಗೆ ಉಜ್ಜಿತು. "ನಿಧಾನ" ಎಂದು ಬಾಯಿಗೆ ಬಂತು, ಹೇಳಲಿಲ್ಲ.

ಏಪ್ರಿಲ್ ೯, ಬುಧವಾರ

ಡಾಕ್ಟರಮ್ಮನ ಮನೆಗೆ ಹೋದೆ. ನಮ್ಮ ನಾಲ್ಕು ಕುರ್ಚಿಗಳು ಆ ಊಟದ ಮೇಜಿನ ಸುತ್ತ ಇದ್ದವು. ಕಬ್ಬಿಣದ ಕಪಾಟು ಹೊರಗೆ ಹೋಗಿದೆ. ಹುಡುಗಿ ಎದ್ದು ನಿಲ್ಲಲಿಲ್ಲ. ಕೂತೇ "ಬನ್ನಿ" ಅಂದಳು. ಬೆನ್ನು ಈಗಲೂ ತಾಗಿಸುವುದಿಲ್ಲ.

ಚೀಟಿಯ ಪ್ರತಿ ಕೊಟ್ಟೆ. ನ್ಯಾಯಾಲಯದಲ್ಲಿ ಓದುವ ಮೊದಲು ಅವಳು ನೋಡಬೇಕಲ್ಲ. ಎಡಗೈಯಲ್ಲಿ ಹಿಡಿದು ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ನಾನು ಕಲಿಸಿದ ಹಾಗೆಯೇ.

"ಚೆನ್ನಾಗಿ ಬರೆದಿದ್ದೀರಿ" ಅಂದಳು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. "ಆದ್ರೆ ಇದನ್ನ ನೀವು ಮಗುಚಿ ನೋಡಿಲ್ಲ ಅತ್ತೆ."

"ಏನು ಬಿಟ್ಟಿದ್ದೀನಿ? ಹನ್ನೊಂದೂ ಇದೆ."

"ನಿಮ್ಮ ಬರೆಯೋ ಮೇಜು ನಮ್ಮ ಕೋಣೆ ಕೆಳಗೇ ಇರೋದು. ನಾಲ್ಕು ವರ್ಷ. ನಿಮ್ಮ ಪೆನ್ನು ಬಿದ್ರೆ ನಂಗೆ ಮೇಲೆ ಕೇಳಿಸೋದು."

ನಾನು ಎದ್ದೆ. ಇಷ್ಟು ಮಾಡಿದ ಮೇಲೂ ಇಂಥ ಮಾತೇ, ಹೆತ್ತ ಮಗನ ಕೈ ಮುರಿದವಳಿಗೆ, ಅಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅವಳು ಚೀಟಿಯನ್ನು ಮೇಜಿನ ಮೇಲೆ ಮಗುಚಿಟ್ಟಳು. ಹಿಂಬದಿ ಖಾಲಿ ಇತ್ತು.

ಮನೆಗೆ ಬಂದು ಆ ಮೇಜಿನ ಮುಂದೆಯೇ ಕೂತಿದ್ದೇನೆ. ಈ ಪುಸ್ತಕವನ್ನು ಮೊದಲ ಪುಟದಿಂದ ತಿರುವಿದೆ. ಮಾರ್ಚ್ ಮೂರು: ಅವಳ ಕೈಯಲ್ಲಿ ವಸ್ತು ನಿಲ್ಲುವುದಿಲ್ಲ. ನನ್ನದೇ ಅಕ್ಷರ. ಇದರ ಹಿಂದಿನ ಪುಸ್ತಕ, ಅದರ ಹಿಂದಿನದು, ನಾಲ್ಕೂ ತೆಗೆದೆ. ಎಲ್ಲದರಲ್ಲೂ ಏನಾದರೂ ಬೀಳುತ್ತಲೇ ಇದೆ.

ನಾಳೆ ಬೆಳಿಗ್ಗೆ ಠಾಣೆ ತೆರೆಯುವ ಹೊತ್ತಿಗೆ ಹೋಗಬೇಕು. ಒಂದು ಸಾಲು ಸೇರಿಸುವುದಿದೆ, ಹಿಂಬದಿಯಲ್ಲಿ: 'ಕೆಳಗೆ ಕೇಳಿಸುತ್ತಿತ್ತು. ನಾಲ್ಕು ವರ್ಷ. ಕೇಳಿದವಳು: ನಾನು.' ಅದರ ಕೆಳಗೂ ರುಜು ಬೇಕು. ಪುಸ್ತಕ ನಾಲ್ಕನ್ನೂ ಜೊತೆಗೆ ಒಯ್ಯುತ್ತೇನೆ, ಹೊಂದಿಸಿ ನೋಡಬಹುದು.